ಹೆಸರುಗಳನ್ನು ಕಾಪಿಟ್ಟ ಗವರ್ನರ್: ವಿಲಿಯಂ ಬ್ರಾಡ್‌ಫರ್ಡ್

ತಮ್ಮ ವಂಶದ ಮೂಲವನ್ನು ಅರಿಯಬೇಕೆಂಬ ಹಂಬಲ ಎಲ್ಲ ನಾಡಿನ ಜನರಲ್ಲಿಯೂ ಇದೆ. ಅಜ್ಜನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಮುತ್ತಜ್ಜನ ಹೆಸರು ಮನೆಯ ಹಿರಿಯರೊಬ್ಬರಿಗೆ ನೆನಪಿರುತ್ತದೆ. ಅದರಾಚೆಗೆ ಬಹುಪಾಲು ಕುಟುಂಬಗಳ ಕಥೆ ಮಸುಕಾಗಿಬಿಡುತ್ತದೆ. ಆದರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಡಲತೀರದಲ್ಲಿರುವ ಪ್ಲಿಮತ್ ಎಂಬ ಸಣ್ಣ ಊರಿನಿಂದ ಕವಲೊಡೆದ ಕುಟುಂಬಗಳ ಮಾತು ಬೇರೆ. ಆ ಕುಟುಂಬಗಳ ಅನೇಕರು ನಾಲ್ಕು ಶತಮಾನಗಳ ಹಿಂದಿನ ತಮ್ಮ ಪೂರ್ವಜನನ್ನು ಹೆಸರು ಹಿಡಿದು ಹೇಳಬಲ್ಲರು. ಆತ ಯಾರ ಮನೆಯ ಸೇವಕನಾಗಿ ಹಡಗು ಹತ್ತಿದ, ಯಾರ ಮಗಳನ್ನು ವರಿಸಿದ, ಎಷ್ಟು ಮಕ್ಕಳನ್ನು ಪಡೆದ ಎಂಬುದನ್ನೂ ತಿಳಿಸಬಲ್ಲರು. ಇದಕ್ಕೆ ಮುಖ್ಯ ಕಾರಣ, ಆ ವಸಾಹತಿನ ಗವರ್ನರ್ ಆಗಿದ್ದ ವಿಲಿಯಂ ಬ್ರಾಡ್‌ಫರ್ಡ್ ತನ್ನ ಇಳಿವಯಸ್ಸಿನಲ್ಲಿ ಬರೆದಿಟ್ಟ ಕೆಲವೇ ಪುಟಗಳ ಒಂದು ಪಟ್ಟಿ. ಆ ಪಟ್ಟಿಯನ್ನು ಬರೆದವನ ಬದುಕು ಎಂಥದು, ಬರೆದ ಪಟ್ಟಿ ಎಲ್ಲೆಲ್ಲಿ ಸುತ್ತಿ ಬಂದಿತು ಎಂಬುದನ್ನು ನಮ್ಮ ಓದುಗರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಬ್ರಾಡ್‌ಫರ್ಡ್ ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ಆಸ್ಟರ್‌ಫೀಲ್ಡ್ ಎಂಬ ಹಳ್ಳಿಯಲ್ಲಿ. 1590ರ ಮಾರ್ಚ್ 19ರಂದು ಅಲ್ಲಿನ ಚರ್ಚಿನಲ್ಲಿ ಆತನಿಗೆ ದೀಕ್ಷಾಸ್ನಾನವಾಯಿತು. ತಕ್ಕಮಟ್ಟಿಗೆ ಜಮೀನುಳ್ಳ ಒಕ್ಕಲು ಮನೆತನ ಆತನದು. ಆದರೆ ತಂದೆತಾಯಿಯರ ನೆರಳು ಆತನಿಗೆ ಹೆಚ್ಚು ಕಾಲ ದೊರೆಯಲಿಲ್ಲ. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡ. ತಾಯಿ ಮರುಮದುವೆಯಾದ ಮೇಲೆ ಮಗು ಅಜ್ಜನ ಮನೆ ಸೇರಿತು. ಕೆಲವು ವರ್ಷಗಳಲ್ಲಿ ಅಜ್ಜನೂ ಹೋದ. ಮರುವರ್ಷ, 1597ರಲ್ಲಿ, ತಾಯಿಯೂ ಕಣ್ಮುಚ್ಚಿದಳು. ಏಳರ ಹರೆಯದ ಅನಾಥ ಬಾಲಕ ತಂದೆಯ ಸೋದರರ ಪಾಲಿಗೆ ಬಂದ. ಕಾಯಿಲೆಯಿಂದ ನರಳುತ್ತಿದ್ದ ಈ ಹುಡುಗನಿಗೆ ಹೊಲದ ಕೆಲಸ ಆಗುತ್ತಿರಲಿಲ್ಲ. ಹೀಗಾಗಿ ಓದಿನ ಗೀಳು ಹತ್ತಿತು, ಅದರಲ್ಲಿಯೂ ಬೈಬಲ್ಲಿನ ಓದು. ಮುಂದೆ ಕೋಟ್ಯಂತರ ಜನರು ತಮ್ಮ ವಂಶವೃಕ್ಷದ ಬೇರನ್ನು ಹುಡುಕಲು ಯಾರ ಬರಹವನ್ನು ತೆರೆಯುತ್ತಾರೋ ಆತನಿಗೆ ಸ್ವಂತ ಮನೆಯೆಂಬುದೇ ಬಾಲ್ಯದಲ್ಲಿ ಇರಲಿಲ್ಲ.

ಆ ಕಾಲದಲ್ಲಿ ಇಂಗ್ಲೆಂಡಿನ ಪ್ರಜೆಗಳೆಲ್ಲರೂ ಅರಸನ ಅಧೀನದಲ್ಲಿದ್ದ ಚರ್ಚಿಗೇ ಸೇರಬೇಕಿತ್ತು. ಅದರಿಂದ ಬೇರೆಯಾಗಿ ತಮ್ಮದೇ ಸಭೆ ನಡೆಸುವುದು ದಂಡನೆಗೆ ಗುರಿಯಾಗುವ ಅಪರಾಧ. ಆಸ್ಟರ್‌ಫೀಲ್ಡಿಗೆ ಸಮೀಪದ ಸ್ಕ್ರೂಬಿ ಎಂಬಲ್ಲಿ ಅಂಚೆಯ ಅಧಿಕಾರಿಯಾಗಿದ್ದ ವಿಲಿಯಂ ಬ್ರೂಸ್ಟರ್‌ನ ಮನೆಯಲ್ಲಿ ಅಂತಹ ಒಂದು ಸಭೆ ಗುಟ್ಟಾಗಿ ಸೇರುತ್ತಿತ್ತು. ಸೋದರ ಸಂಬಂಧಿಗಳ ವಿರೋಧ, ಊರವರ ಅಪಹಾಸ್ಯ ಯಾವುದನ್ನೂ ಲೆಕ್ಕಿಸದೆ ಎಳೆಯ ಬ್ರಾಡ್‌ಫರ್ಡ್ ಆ ಸಭೆಯನ್ನು ಸೇರಿದ. ಬ್ರೂಸ್ಟರ್ ಆತನಿಗೆ ತಂದೆಯ ಸ್ಥಾನದಲ್ಲಿ ನಿಂತ. ಕಿರುಕುಳ ಹೆಚ್ಚಿದಾಗ ಇಡೀ ಗುಂಪು ಧಾರ್ಮಿಕ ಸಹನೆಗೆ ಹೆಸರಾಗಿದ್ದ ಹಾಲೆಂಡಿಗೆ ಓಡಿಹೋಗಲು ನಿಶ್ಚಯಿಸಿತು. ಮೊದಲ ಪ್ರಯತ್ನದಲ್ಲಿ ಸೆರೆ ಸಿಕ್ಕರು. ಕೊನೆಗೆ 1608ರಲ್ಲಿ ಆಮ್‌ಸ್ಟರ್‌ಡ್ಯಾಮ್ ತಲುಪಿ, ಮರುವರ್ಷ ಲೈಡನ್ ನಗರದಲ್ಲಿ ನೆಲೆಸಿದರು.

ಲೈಡನ್ ನೇಕಾರರ ಊರು. ಒಕ್ಕಲುತನ ಬಿಟ್ಟು ಬೇರೆ ಕಸುಬು ಅರಿಯದ ಈ ಜನರು ಅಲ್ಲಿ ಮಗ್ಗ, ನೂಲು, ಬಟ್ಟೆಗಳ ಕೆಲಸ ಕಲಿತರು. ಬ್ರಾಡ್‌ಫರ್ಡ್ ದಪ್ಪ ಬಟ್ಟೆ ನೇಯುವ ನೇಕಾರನಾದ. ಇಪ್ಪತ್ತೊಂದು ತುಂಬಿದಾಗ ಪಿತ್ರಾರ್ಜಿತ ಆಸ್ತಿ ಕೈಗೆ ಬಂದು, ಅದನ್ನು ಮಾರಿ ಲೈಡನ್ನಿನಲ್ಲಿ ಮನೆ ಕೊಂಡ. 1613ರಲ್ಲಿ ಡೊರೊತಿ ಮೇ ಎಂಬ ತರುಣಿಯೊಂದಿಗೆ ವಿವಾಹವಾಯಿತು. ಜಾನ್ ಎಂಬ ಮಗ ಹುಟ್ಟಿದ. ಆದರೂ ಪರನಾಡು ಪರನಾಡೇ. ದುಡಿಮೆ ಕಠಿಣ, ಗಳಿಕೆ ಅಲ್ಪ. ಮಕ್ಕಳು ಡಚ್ ಭಾಷೆ, ಡಚ್ ರೀತಿನೀತಿಗಳನ್ನು ಮೈಗೂಡಿಸಿಕೊಂಡು ತಮ್ಮವರಿಂದ ದೂರವಾಗುತ್ತಿದ್ದರು. ಇನ್ನೊಂದು ತಲೆಮಾರು ಕಳೆದರೆ ತಾವು ಯಾರೆಂಬುದೇ ಅಳಿಸಿಹೋದೀತೆಂಬ ಭಯ ಹಿರಿಯರನ್ನು ಕಾಡಿತು. ಅಮೆರಿಕಕ್ಕೆ ಹೋಗುವ ನಿರ್ಧಾರದ ಹಿಂದೆ ಧರ್ಮದ ಜೊತೆಗೆ ಈ ಭಯವೂ ಇತ್ತು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸಿದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1620ರ ಸೆಪ್ಟೆಂಬರಿನಲ್ಲಿ ಮೇಫ್ಲವರ್ ಹಡಗು 102 ಪ್ರಯಾಣಿಕರನ್ನು ಹೊತ್ತು ಇಂಗ್ಲೆಂಡಿನ ಪ್ಲಿಮತ್ ಬಂದರನ್ನು ಬಿಟ್ಟಿತು. ಅವರೆಲ್ಲರೂ ಲೈಡನ್ನಿನ ಸಭೆಯವರಲ್ಲ. ಲಂಡನ್ನಿನ ವರ್ತಕರು ಕೂಡಿಸಿ ಕಳುಹಿಸಿದ ಬೇರೆಯವರೂ, ಸೇವಕರೂ ಇದ್ದರು. ಪುಟ್ಟ ಮಗ ಜಾನ್‌ನನ್ನು ಲೈಡನ್ನಿನಲ್ಲಿಯೇ ಬಿಟ್ಟು ಬ್ರಾಡ್‌ಫರ್ಡ್ ದಂಪತಿಗಳು ಹೊರಟಿದ್ದರು. ಎರಡು ತಿಂಗಳಿಗೂ ಮೀರಿದ ಪಯಣದ ಬಳಿಕ ನವೆಂಬರಿನಲ್ಲಿ ಹಡಗು ಕೇಪ್ ಕಾಡ್ ಎಂಬಲ್ಲಿ ಲಂಗರು ಹಾಕಿತು. ಒಂದು ಆಡಳಿತಕ್ಕೆ ಒಳಪಟ್ಟು ನಡೆಯುವುದಾಗಿ 41 ಗಂಡಸರು ಒಪ್ಪಂದಕ್ಕೆ ಸಹಿ ಹಾಕಿದರು. ನೆಲೆಸಲು ತಕ್ಕ ಸ್ಥಳ ಹುಡುಕಲು ಬ್ರಾಡ್‌ಫರ್ಡ್ ದೋಣಿಯಲ್ಲಿ ತೆರಳಿದ್ದಾಗ, ಅಂದಿನ ಪಂಚಾಂಗದಂತೆ ಡಿಸೆಂಬರ್ 7ರಂದು, ಡೊರೊತಿ ಹಡಗಿನಿಂದ ನೀರಿಗೆ ಬಿದ್ದು ಅಸುನೀಗಿದಳು. ಮರಳಿ ಬಂದ ಪತಿಗೆ ಕಾದಿದ್ದುದು ಈ ವಾರ್ತೆ.

ಅವರು ನೆಲೆಸಲು ಆರಿಸಿಕೊಂಡ ಸ್ಥಳ ಕಾಡಲ್ಲ. ಅದು ಪಟಕ್ಸೆಟ್ ಎಂಬ ಊರಾಗಿತ್ತು. ವಾಂಪನೋಗ್ ಜನರ ಆ ಊರು 1616ರಿಂದ 1619ರವರೆಗಿನ ಸಾಂಕ್ರಾಮಿಕ ರೋಗದಲ್ಲಿ ಪೂರ್ತಿ ಬರಿದಾಗಿತ್ತು. ಹಸನು ಮಾಡಿದ ಹೊಲಗಳು ಮಾತ್ರ ಉಳಿದಿದ್ದವು. ಆ ಬರಿದಾದ ಊರಿನಲ್ಲಿ ಬಂದಿಳಿದವರ ಪಾಲಿಗೂ ಮೊದಲ ಚಳಿಗಾಲ ಮೃತ್ಯುವಾಯಿತು. ವಸಂತ ಬರುವಷ್ಟರಲ್ಲಿ 102 ಮಂದಿಯಲ್ಲಿ ಅರ್ಧದಷ್ಟು ಜನರು ಮಣ್ಣಾಗಿದ್ದರು. ರೋಗ ತೀವ್ರವಾಗಿದ್ದ ದಿನಗಳಲ್ಲಿ ಎದ್ದು ಓಡಾಡಬಲ್ಲವರು ಆರೇಳು ಜನ. ಅವರೇ ಸೌದೆ ತಂದು, ಬೇಯಿಸಿ, ರೋಗಿಗಳ ಮೈ ತೊಳೆದು ಉಪಚರಿಸಿದರು. ಹಾಸಿಗೆ ಹಿಡಿದಿದ್ದವರಲ್ಲಿ ಬ್ರಾಡ್‌ಫರ್ಡ್ ಒಬ್ಬ. 1621ರ ಮಾರ್ಚಿನಲ್ಲಿ ವಾಂಪನೋಗರ ನಾಯಕ ಮಸಸೋಯಿಟ್‌ನೊಡನೆ ಶಾಂತಿಯ ಒಪ್ಪಂದವಾಯಿತು. ಪಟಕ್ಸೆಟ್ ಊರಿನವನೇ ಆದ ಟಿಸ್ಕ್ವಾಂಟಮ್ ಜೋಳ ಬಿತ್ತುವುದನ್ನು, ಮೀನು ಹಿಡಿಯುವುದನ್ನು ಕಲಿಸಿದ. 1614ರಲ್ಲಿ ಆಂಗ್ಲ ನಾವಿಕನೊಬ್ಬನ ಮೋಸಕ್ಕೆ ಸಿಕ್ಕಿ ಸ್ಪೇನಿಗೆ ಒಯ್ಯಲ್ಪಟ್ಟು, ಇಂಗ್ಲೆಂಡಿನ ಮೂಲಕ ಹಿಂದಿರುಗಿದ ಆತನಿಗೆ ತನ್ನವರಾರೂ ಬದುಕಿ ಉಳಿದಿರಲಿಲ್ಲ.

ಏಪ್ರಿಲ್‌ನಲ್ಲಿ ಮೊದಲ ಗವರ್ನರ್ ಜಾನ್ ಕಾರ್ವರ್ ತೀರಿಕೊಂಡಾಗ, ಮೂವತ್ತೊಂದು ವರ್ಷದ ಬ್ರಾಡ್‌ಫರ್ಡ್ ಆ ಸ್ಥಾನಕ್ಕೆ ಆಯ್ಕೆಯಾದ. ಅಲ್ಲಿಂದ 1657ರವರೆಗೆ, ನಡುವೆ ಐದು ವರ್ಷಗಳನ್ನು ಬಿಟ್ಟರೆ, ಪ್ರತಿ ವರ್ಷವೂ ಜನರು ಆತನನ್ನೇ ಆರಿಸಿದರು. 1623ರಲ್ಲಿ ಆಲಿಸ್ ಸೌತ್‌ವರ್ತ್ ಎಂಬ ವಿಧವೆಯನ್ನು ಮದುವೆಯಾದ. ವಿಲಿಯಂ, ಮರ್ಸಿ, ಜೋಸೆಫ್ ಎಂಬ ಮೂವರು ಮಕ್ಕಳಾದರು. ಲೈಡನ್ನಿನಲ್ಲಿ ಬಿಟ್ಟುಬಂದಿದ್ದ ಜಾನ್ ಕೂಡ ಕೆಲವು ವರ್ಷಗಳ ಬಳಿಕ ಬಂದು ಸೇರಿದ.

ಬ್ರಾಡ್‌ಫರ್ಡ್‌ನ ಆಡಳಿತದ ಒಂದು ಲಕ್ಷಣವೆಂದರೆ ಬರೆದಿಡುವ ಶಿಸ್ತು. ಮೊದಲಲ್ಲಿ ಬೇಸಾಯವೆಲ್ಲ ಸಾಮೂಹಿಕವಾಗಿತ್ತು. ಅದು ಫಲ ಕೊಡಲಿಲ್ಲವಾಗಿ 1623ರಲ್ಲಿ ಕುಟುಂಬಗಳಿಗೆ ಪ್ರತ್ಯೇಕ ಹೊಲ ಹಂಚಲಾಯಿತು. ಯಾವ ಹಡಗಿನಲ್ಲಿ ಬಂದವರಿಗೆ ಎಲ್ಲಿ ಎಷ್ಟು ನೆಲ ಎಂದು ಹಡಗುವಾರು ಬರೆದಿಟ್ಟರು. 1627ರಲ್ಲಿ ವಸಾಹತಿನ ದನಕರು, ಆಡುಗಳನ್ನು ಹಂಚುವಾಗ ಇಡೀ ಊರನ್ನು ತಲಾ ಹದಿಮೂರು ಜನರ ಹನ್ನೆರಡು ಪಾಲುಗಳಾಗಿ ಮಾಡಿ, ಮಕ್ಕಳೂ ಸೇರಿ 156 ಮಂದಿಯ ಹೆಸರು ನಮೂದಿಸಿದರು. ಒಂದು ಹಸುವಿನ ಹಾಲು ಯಾರಿಗೆ ಸೇರಬೇಕೆಂದು ಬರೆದ ಲೆಕ್ಕವೇ, ಆ ವರ್ಷ ಆ ಊರಿನಲ್ಲಿ ಬದುಕಿದ್ದವರಾರು ಎಂಬುದಕ್ಕೆ ಇಂದಿನ ಸಂಶೋಧಕರ ಮುಖ್ಯ ಆಧಾರ. ಸುಮಾರು ಅದೇ ಕಾಲಕ್ಕೆ ಲಂಡನ್ನಿನ ವರ್ತಕರ ಪಾಲನ್ನು 1,800 ಪೌಂಡುಗಳಿಗೆ ಕೊಂಡುಕೊಂಡು, ಆ ಸಾಲದ ಹೊಣೆಯನ್ನು ಬ್ರಾಡ್‌ಫರ್ಡ್ ಮತ್ತು ಕೆಲವು ಹಿರಿಯರು ತಾವೇ ಹೊತ್ತರು. ವರ್ಷಕ್ಕೆ 200 ಪೌಂಡಿನಂತೆ ಒಂಬತ್ತು ಕಂತುಗಳಲ್ಲಿ ಮುಗಿಯಬೇಕಿದ್ದ ಸಾಲ ತೀರಲು ಎರಡು ದಶಕಗಳೇ ಹಿಡಿದವು.

1630ರಲ್ಲಿ ಬ್ರಾಡ್‌ಫರ್ಡ್ ತನ್ನ ಜನರ ಇತಿಹಾಸವನ್ನು ಬರೆಯತೊಡಗಿದ. ಸ್ಕ್ರೂಬಿಯ ಗುಪ್ತ ಸಭೆಯಿಂದ ಮೊದಲ್ಗೊಂಡು ಬಿಡುವು ದೊರೆತಾಗಲೆಲ್ಲ ಬರೆಯುತ್ತ ಹೋದ. ಅಷ್ಟರಲ್ಲಿ ವಸಾಹತು ಬೆಳೆಯುತ್ತಿತ್ತು, ಜೊತೆಗೆ ಚದುರುತ್ತಲೂ ಇತ್ತು. ದನಗಳಿಗೆ ಹುಲ್ಲುಗಾವಲು ಅರಸುತ್ತ ಕೆಲವರು ಡಕ್ಸ್‌ಬರಿಗೆ ಹೋದರು, ಕೆಲವರು ಮಾರ್ಷ್‌ಫೀಲ್ಡಿಗೆ. 1644ರಲ್ಲಿ ಹಲವು ಪ್ರಮುಖ ಕುಟುಂಬಗಳು ನೌಸೆಟ್ ಎಂಬಲ್ಲಿಗೆ ವಲಸೆ ಹೋದವು. ಅದೇ ಸುಮಾರಿಗೆ ಬ್ರೂಸ್ಟರ್ ತೀರಿಕೊಂಡ. ಒಂದೇ ಸಭೆಯಾಗಿ ಬಾಳಬೇಕೆಂದು ಸಾಗರ ದಾಟಿದವರು, ಬಡತನದಲ್ಲಿ ಕೂಡಿಬಾಳಿ ಸಮೃದ್ಧಿಯಲ್ಲಿ ಬೇರೆಯಾದುದು ಬ್ರಾಡ್‌ಫರ್ಡ್‌ಗೆ ತೀರದ ವ್ಯಥೆಯಾಯಿತು. ಆತನ ಇತಿಹಾಸದ ಕೊನೆಯ ಭಾಗಗಳು ಗಿಡ್ಡವಾಗುತ್ತ ಹೋಗಿ 1646ಕ್ಕೆ ನಿಲ್ಲುತ್ತವೆ. ಮುಂದಿನ ಎರಡು ವರ್ಷಗಳ ಶೀರ್ಷಿಕೆ ಮಾತ್ರ ಇದೆ. ಅದರ ಕೆಳಗೆ ಏನೂ ಇಲ್ಲ.

ಇತಿಹಾಸವನ್ನು ಮುಂದುವರಿಸುವ ಬದಲು, 1650ರ ಸುಮಾರಿಗೆ ಆತ ಮತ್ತೊಂದು ಕೆಲಸ ಮಾಡಿದ. ಮೇಫ್ಲವರ್‌ನಲ್ಲಿ ಬಂದವರೆಲ್ಲರ ಹೆಸರನ್ನು ಮನೆವಾರು ಬರೆದ. ಮನೆಯ ಯಜಮಾನ, ಹೆಂಡತಿ, ಮಕ್ಕಳು, ಸೇವಕರು, ಸಾಕಲು ಒಪ್ಪಿಸಿದ್ದ ಪರರ ಮಕ್ಕಳು, ದಾರಿಯಲ್ಲಿಯೇ ಸತ್ತ ಸೇವಕ ಹುಡುಗ ವಿಲಿಯಂ ಬಟನ್ ಕೂಡ ಅದರಲ್ಲಿ ಇದ್ದಾರೆ. ಬಳಿಕ ಅದೇ ಕ್ರಮದಲ್ಲಿ ಮತ್ತೊಮ್ಮೆ ಬರೆಯುತ್ತ, ಮೂವತ್ತು ವರ್ಷಗಳಲ್ಲಿ ಪ್ರತಿಯೊಂದು ಮನೆಯಲ್ಲಿ ಎಷ್ಟು ಜನ ಕಡಿಮೆಯಾದರು, ಎಷ್ಟು ಜನ ಹೆಚ್ಚಾದರು ಎಂದು ಗುರುತಿಸಿದ. ಕೊನೆಗೆ ಒಟ್ಟು ಲೆಕ್ಕ: ಮೊದಲು ಬಂದವರಲ್ಲಿ ಇನ್ನೂ ಬದುಕಿರುವವರು ಮೂವತ್ತರ ಹತ್ತಿರ; ಅವರಿಂದ ಹುಟ್ಟಿ ಬೆಳೆದು ಜೀವಿಸಿರುವವರು 160ಕ್ಕೂ ಹೆಚ್ಚು.

ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ ಮೂರು ದಶಕ ಕಳೆದಿರುವ ನನಗೆ ಈ ಪಟ್ಟಿಯ ರೀತಿ ಅಪರಿಚಿತವೆನಿಸಲಿಲ್ಲ. ಆರಂಭದ ಶಿಲ್ಕು, ಜಮಾ, ಖರ್ಚು, ಅಂತಿಮ ಶಿಲ್ಕು ಎಲ್ಲವೂ ಇಲ್ಲಿದೆ. ಆದರೆ ನಮ್ಮಲ್ಲಿ ಬಾಕಿ ಸೊನ್ನೆಯಾದ ಖಾತೆಯನ್ನು ಮುಚ್ಚಿ ಹೊಸ ಲೆಡ್ಜರಿಗೆ ಒಯ್ಯದೆ ಬಿಡುತ್ತೇವೆ. ಬ್ರಾಡ್‌ಫರ್ಡ್ ಹಾಗೆ ಮಾಡಲಿಲ್ಲ. ಥಾಮಸ್ ಟಿಂಕರ್, ಆತನ ಹೆಂಡತಿ, ಮಗ ಮೂವರೂ ಮೊದಲ ರೋಗದಲ್ಲೇ ಸತ್ತರು. ಜಾನ್ ರಿಗ್ಡೇಲ್ ದಂಪತಿಗಳೂ ಸತ್ತರು. ಅವರ ಹೆಸರು ಕೇಳಿಕೊಂಡು ಬರುವವರು ಯಾರೂ ಇರಲಿಲ್ಲ. ಆದರೂ ಅವರ ಮನೆಗೊಂದು ಸಾಲು ಉಂಟು. ಜಾನ್ ಟರ್ನರ್ ಇಬ್ಬರು ಗಂಡುಮಕ್ಕಳೊಡನೆ ಅಳಿದುಹೋದರೂ, ಸೇಲಂ ಊರಿನಲ್ಲಿ ಆತನ ಮಗಳೊಬ್ಬಳು ಮದುವೆಯಾಗಿ ಚೆನ್ನಾಗಿದ್ದಾಳೆಂದು ನೆನೆದು ಬರೆದಿದ್ದಾನೆ.

ಹಾಗೆಂದು ಪಟ್ಟಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಹಲವು ಹೆಂಗಸರು ಇಂಥವನ ಹೆಂಡತಿ ಎಂದಷ್ಟೇ ಕಾಣಿಸಿಕೊಳ್ಳುತ್ತಾರೆ. ತನ್ನ ಡೊರೊತಿಯ ವಿಷಯದಲ್ಲಂತೂ ಬ್ರಾಡ್‌ಫರ್ಡ್ ಅತಿ ಮಿತಭಾಷಿ. ಬಂದ ಸ್ವಲ್ಪದರಲ್ಲೇ ಆಕೆ ಸತ್ತಳೆಂಬ ಒಂದು ಸಂಗತಿಯನ್ನು ಬಿಟ್ಟರೆ ಬೇರೇನೂ ಇಲ್ಲ. ಆಕೆ ನೀರಿಗೆ ಬಿದ್ದ ವಿಷಯ ಆತನ ಇತಿಹಾಸದಲ್ಲೆಲ್ಲೂ ಬರುವುದಿಲ್ಲ; ಅದು 1702ರಲ್ಲಿ ಪ್ರಕಟವಾದ ಕಾಟನ್ ಮ್ಯಾದರ್‌ನ ಗ್ರಂಥದಿಂದ ತಿಳಿಯುತ್ತದೆ. ಈ ಮೌನವನ್ನು ತುಂಬಲು ಹತ್ತೊಂಬತ್ತನೆಯ ಶತಮಾನದಲ್ಲಿ ಆತ್ಮಹತ್ಯೆಯ ಕಥೆ ಹೆಣೆದವರೂ ಉಂಟು, ಅದಕ್ಕೆ ಆಧಾರವಿಲ್ಲ. ಆಕೆಯ ಮಗ ಜಾನ್ ಮಕ್ಕಳಿಲ್ಲದೆ ತೀರಿಕೊಂಡದ್ದರಿಂದ ಬ್ರಾಡ್‌ಫರ್ಡ್ ವಂಶಸ್ಥರೆಲ್ಲರೂ ಆಲಿಸಳ ಸಂತತಿ. ಡೊರೊತಿಯನ್ನು ತಮ್ಮ ಪೂರ್ವಜೆಯೆಂದು ಹೇಳಿಕೊಳ್ಳುವವರು ಒಬ್ಬರೂ ಇಲ್ಲ.

ಇಳಿವಯಸ್ಸಿನಲ್ಲಿ ಬ್ರಾಡ್‌ಫರ್ಡ್ ಹೀಬ್ರೂ ಭಾಷೆ ಕಲಿಯತೊಡಗಿ, ಹಸ್ತಪ್ರತಿಯ ಖಾಲಿ ಹಾಳೆಗಳಲ್ಲಿ ಆ ಪದಗಳನ್ನು ಬರೆದು ಅಭ್ಯಾಸ ಮಾಡಿದ. 1657ರ ಮೇ 9ರಂದು, 67ನೆಯ ವಯಸ್ಸಿನಲ್ಲಿ, ನಿಧನನಾದ. ಹಸ್ತಪ್ರತಿ ಅಚ್ಚಾಗಲಿಲ್ಲ, ಮಗನ ಕೈಗೆ, ಮೊಮ್ಮಗನ ಕೈಗೆ ಬಂದಿತು. 1728ರಲ್ಲಿ ಥಾಮಸ್ ಪ್ರಿನ್ಸ್ ಎಂಬ ಪಾದ್ರಿ ಅದನ್ನು ಪಡೆದು ಬಾಸ್ಟನ್ನಿನ ಓಲ್ಡ್ ಸೌತ್ ಚರ್ಚಿನ ಗೋಪುರದಲ್ಲಿದ್ದ ತನ್ನ ಪುಸ್ತಕ ಸಂಗ್ರಹಕ್ಕೆ ಸೇರಿಸಿದ. ಸ್ವಾತಂತ್ರ್ಯ ಸಮರದ ವೇಳೆ ಬ್ರಿಟಿಷ್ ಸೇನೆ ಆ ಚರ್ಚನ್ನು ಕುದುರೆ ಸವಾರಿಯ ಅಂಕಣವಾಗಿ ಬಳಸಿತು. ಹಸ್ತಪ್ರತಿ ಕಾಣೆಯಾಯಿತು. ಬ್ರಾಡ್‌ಫರ್ಡ್‌ನ ಪತ್ರಗಳ ಪ್ರತಿಯ ಒಂದು ಭಾಗ ಕೆನಡಾದ ಹ್ಯಾಲಿಫ್ಯಾಕ್ಸಿನ ಕಿರಾಣಿ ಅಂಗಡಿಯಲ್ಲಿ ಸಿಕ್ಕಿತಾದರೂ ಇತಿಹಾಸದ ಸುಳಿವು ಹತ್ತಲಿಲ್ಲ. 1855ರಲ್ಲಿ, ಇಂಗ್ಲೆಂಡಿನ ಪಾದ್ರಿಯೊಬ್ಬರು ಬರೆದಿದ್ದ ಗ್ರಂಥವನ್ನು ಓದುತ್ತಿದ್ದ ಬಾಸ್ಟನ್ನಿನ ವಿದ್ವಾಂಸರಿಗೆ ಅದರಲ್ಲಿ ಬ್ರಾಡ್‌ಫರ್ಡ್‌ನ ಮಾತುಗಳ ಗುರುತು ಸಿಕ್ಕಿತು. ವಿಚಾರಿಸಿದಾಗ ಹಸ್ತಪ್ರತಿ ಲಂಡನ್ ಬಿಷಪ್ಪರ ಫುಲ್‌ಹ್ಯಾಮ್ ಅರಮನೆಯ ಗ್ರಂಥಾಲಯದಲ್ಲಿರುವುದು ಖಚಿತವಾಯಿತು. ಪ್ರತಿ ಮಾಡಿಸಿ ತರಿಸಿ, 1856ರಲ್ಲಿ ಮೊದಲ ಬಾರಿಗೆ ಪೂರ್ಣವಾಗಿ ಅಚ್ಚು ಹಾಕಿದರು.

ಮೂಲಪ್ರತಿ ತಾಯ್ನಾಡಿಗೆ ಮರಳಲು ಮತ್ತೆ ನಲವತ್ತು ವರ್ಷ ಬೇಕಾಯಿತು. ಸೆನೆಟರ್ ಜಾರ್ಜ್ ಫ್ರಿಸ್ಬಿ ಹೋರ್ ಮೊದಲಾದವರ ಪ್ರಯತ್ನದಿಂದ ವಿಷಯ 1897ರಲ್ಲಿ ಲಂಡನ್ ಬಿಷಪ್ಪರ ಧರ್ಮನ್ಯಾಯಾಲಯದ ಮುಂದೆ ಬಂದಿತು. ಅಲ್ಲಿ ತೀರ್ಪಿಗೆ ಆಧಾರವಾದದ್ದು ಬ್ರಾಡ್‌ಫರ್ಡ್ ಕೊನೆಯಲ್ಲಿ ಸೇರಿಸಿದ ಪಟ್ಟಿ! ಹುಟ್ಟು, ಮದುವೆ, ಮರಣಗಳ ದಾಖಲೆಯಿರುವುದರಿಂದ ಇದು ಚರ್ಚಿನ ವಶಕ್ಕೆ ಸೇರಬೇಕಾದ ದಾಖಲೆ ಎಂದು ನ್ಯಾಯಾಲಯ ಭಾವಿಸಿತು. ಆದರೆ 1776ರಲ್ಲಿ ಅಮೆರಿಕ ಸ್ವತಂತ್ರವಾದ ಮೇಲೆ ಅಲ್ಲಿಯವರ ದಾಖಲೆಗೆ ಲಂಡನ್ ತಕ್ಕ ಸ್ಥಳವಲ್ಲವೆಂದು, ಛಾಯಾಚಿತ್ರದ ಪ್ರತಿ ಇಟ್ಟುಕೊಂಡು ಮೂಲವನ್ನು ಕಳುಹಿಸಿಕೊಡಲು ಆಜ್ಞೆ ಮಾಡಿತು. 1897ರ ಮೇ 26ರಂದು ಅದನ್ನು ಮ್ಯಾಸಚೂಸೆಟ್ಸ್ ಗವರ್ನರಿಗೆ ಒಪ್ಪಿಸಲಾಯಿತು. ಇಂದು ಅದು ಬಾಸ್ಟನ್ನಿನ ರಾಜ್ಯ ಗ್ರಂಥಾಲಯದಲ್ಲಿದೆ.

ಪಟ್ಟಿ ಅಚ್ಚಾದೊಡನೆ ಮನೆತನಗಳ ನಂಬಿಕೆಗಳು ಪರೀಕ್ಷೆಗೆ ಒಳಗಾದವು. ಕಾರ್ವರ್‌ನ ಸೇವಕನಾಗಿ ಬಂದ ಜಾನ್ ಹೌಲೆಂಡ್ ಗವರ್ನರ್ ಕಾರ್ವರ್‌ನ ಮಗಳನ್ನು ವರಿಸಿದನೆಂದು ಆತನ ವಂಶಸ್ಥರು ತಲೆಮಾರುಗಳಿಂದ ನಂಬಿದ್ದರು. ಸ್ಮಾರಕದ ಕಲ್ಲಿನಲ್ಲಿಯೂ ಹಾಗೆಯೇ ಕೆತ್ತಿಸಿದ್ದರು. ಆತನ ಹೆಂಡತಿ ಜಾನ್ ಟಿಲಿಯ ಮಗಳು ಎಲಿಜಬೆತ್ ಎಂದು ಬ್ರಾಡ್‌ಫರ್ಡ್‌ನ ಪಟ್ಟಿ ಸ್ಪಷ್ಟಪಡಿಸಿತು. ಆಕೆಯ ತಂದೆತಾಯಿಗಳು ಬಂದ ಚಳಿಗಾಲದಲ್ಲೇ ಸತ್ತಿದ್ದರು. ಗವರ್ನರನ ಮಗಳ ಬದಲು ದಿಕ್ಕಿಲ್ಲದ ಹುಡುಗಿಯೊಬ್ಬಳು ಆ ವಂಶದ ತಾಯಿಯಾದಳು. ನಡುಗಡಲಿನಲ್ಲಿ ಹಡಗಿನಿಂದ ಬಿದ್ದು ಹಗ್ಗ ಹಿಡಿದು ಬದುಕಿದ ಆ ಹೌಲೆಂಡ್, ಮತ್ತು ಈ ಎಲಿಜಬೆತ್ ಹತ್ತು ಮಕ್ಕಳನ್ನು ಪಡೆದರು. ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮತ್ತು ಇಬ್ಬರು ಬುಷ್‌ಗಳು ಇವರ ಸಂತತಿ.

ಪಟ್ಟಿಯನ್ನೇ ತಿದ್ದಬೇಕಾದ ಸಂದರ್ಭವೂ ಬಂದಿತು. ಮೋರ್ ಎಂಬ ಮನೆತನದ ನಾಲ್ವರು ಎಳೆಯ ಮಕ್ಕಳು ತಂದೆತಾಯಿಯರಿಲ್ಲದೆ ಮೇಫ್ಲವರ್‌ನಲ್ಲಿದ್ದರು. ಬ್ರೂಸ್ಟರ್‌ಗೆ ಒಪ್ಪಿಸಿದ ಮಕ್ಕಳನ್ನು ರಿಚರ್ಡ್ ಮತ್ತು ಆತನ ಸೋದರ ಎಂದು ಬ್ರಾಡ್‌ಫರ್ಡ್ ಬರೆದಿದ್ದಾನೆ. ಇಂಗ್ಲೆಂಡಿನ ಶಿಪ್ಟನ್ ಊರಿನ ಚರ್ಚಿನ ದಾಖಲೆಗಳನ್ನು ತಾಳೆ ನೋಡಿದಾಗ ಆ ಇನ್ನೊಂದು ಮಗು ಮೇರಿ ಎಂಬ ಹುಡುಗಿಯೆಂದು ತಿಳಿಯಿತು. ದಾಂಪತ್ಯದ ಕಲಹದಲ್ಲಿ ತಂದೆಯೆನಿಸಿಕೊಂಡ ಸ್ಯಾಮ್ಯುಯೆಲ್ ಮೋರ್ ಆ ಮಕ್ಕಳನ್ನು ತಾಯಿಯಿಂದ ಕಿತ್ತು ಕಳುಹಿಸಿದ್ದನೆಂಬುದೂ ಇಪ್ಪತ್ತನೆಯ ಶತಮಾನದಲ್ಲಿ ಮನೆತನದ ಕಾಗದಪತ್ರಗಳಿಂದ ಹೊರಬಂತು. ನಾಲ್ವರಲ್ಲಿ ಬದುಕಿದವನು ರಿಚರ್ಡ್ ಒಬ್ಬನೇ. ಮುಪ್ಪಿನಲ್ಲಿ ಬರೆದ ನೆನಪನ್ನು ಬೇರೊಂದು ಊರಿನ ದಾಖಲೆಯೊಡನೆ ಹೋಲಿಸಬೇಕೆಂಬ ಪಾಠ ಇದರಲ್ಲಿದೆ. ಹಸ್ತಪ್ರತಿ ಮರಳಿದ 1897ರಲ್ಲಿಯೇ ಸ್ಥಾಪನೆಯಾದ ಮೇಫ್ಲವರ್ ವಂಶಸ್ಥರ ಸಂಘ, ಸದಸ್ಯತ್ವ ಕೋರುವವರಿಂದ ಒಂದೊಂದು ತಲೆಮಾರಿಗೂ ಪುರಾವೆ ಕೇಳುತ್ತದೆ. ಮೊದಲ ಐದು ತಲೆಮಾರುಗಳ ವಿವರವನ್ನು ಸಂಪುಟಗಳಾಗಿ ಪ್ರಕಟಿಸಿದೆ.

ಆದರೆ ಬ್ರಾಡ್‌ಫರ್ಡ್‌ನ ಲೆಕ್ಕಕ್ಕೆ ಬಾರದವರೂ ಇದ್ದರು. ಅವರು ಪಟಕ್ಸೆಟ್‌ನ ಮೂಲನಿವಾಸಿಗಳು. ಆ ಊರಿನ ಸತ್ತವರ ಪಟ್ಟಿಯನ್ನು ಯಾರೂ ಬರೆಯಲಿಲ್ಲ. 1637ರಲ್ಲಿ ಪೀಕ್ವಾಟ್ ಜನರ ಕೋಟೆಗೆ ಬೆಂಕಿಯಿಟ್ಟು ಹೆಂಗಸರು ಮಕ್ಕಳೆನ್ನದೆ ಕೊಂದ ಘಟನೆಯನ್ನು ಬ್ರಾಡ್‌ಫರ್ಡ್ ದೇವರ ಕೃಪೆಯೆಂದು ವರ್ಣಿಸಿದ. ಸತ್ತವರು ಅಲ್ಲಿ ಬರಿಯ ಸಂಖ್ಯೆ. ಮಸಸೋಯಿಟ್‌ನೊಡನೆ ಮಾಡಿಕೊಂಡ ಶಾಂತಿಯೂ 1675ರಲ್ಲಿ ಆತನ ಮಗ ಮೆಟಕಾಮ್‌ನ ಕಾಲಕ್ಕೆ ಯುದ್ಧದಲ್ಲಿ ಕೊನೆಗೊಂಡಿತು. ಹಾಗಿದ್ದರೂ ವಾಂಪನೋಗ್ ಜನರು ಅಳಿಯಲಿಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ಆಡುವವರಿಲ್ಲದೆ ಹೋಗಿದ್ದ ತಮ್ಮ ಭಾಷೆಯನ್ನು 1990ರ ದಶಕದಿಂದ ಅವರು ಮತ್ತೆ ಕಲಿಯುತ್ತಿದ್ದಾರೆ. ಅದಕ್ಕೆ ನೆರವಾದವು, 1663ರಲ್ಲಿ ಆ ಭಾಷೆಯಲ್ಲಿ ಅಚ್ಚಾದ ಬೈಬಲ್ಲಿನ ಜೊತೆಗೆ, ಅವರ ಪೂರ್ವಜರೇ ಬರೆದ ಜಮೀನಿನ ಪತ್ರಗಳು, ಮರಣಶಾಸನಗಳು, ಕಾಗದಗಳು. ಬ್ರಾಡ್‌ಫರ್ಡ್ ಬರೆಯದೆ ಬಿಟ್ಟವರ ಹೆಸರುಗಳೂ ಆ ಪತ್ರಗಳಲ್ಲಿ ಉಳಿದಿವೆ.

ಬ್ರಾಡ್‌ಫರ್ಡ್ ದೊಡ್ಡ ಸಾಮ್ರಾಜ್ಯ ಕಟ್ಟಲಿಲ್ಲ. ಆತನ ವಸಾಹತೂ 1691ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ವಿಲೀನವಾಯಿತು. ತನ್ನ ಜನರು ಚದುರುವುದನ್ನು ತಡೆಯಲಾರೆನೆಂದು ತಿಳಿದ ಮೇಲೆ ಆತ ಅವರ ಹೆಸರುಗಳನ್ನು ಬರೆದಿಟ್ಟ, ಅದೇ ಉಳಿಯಿತು. ನಮ್ಮ ನಗರಗಳಲ್ಲಿಯೂ ಮೊದಲ ತಲೆಮಾರಿನಲ್ಲಿ ಬಂದು ಕನ್ನಡ ಸಂಘಗಳನ್ನು ಕಟ್ಟಿದವರ ಹೆಸರುಗಳು ಹಳೆಯ ಸದಸ್ಯರ ಪುಸ್ತಕಗಳಲ್ಲಿ, ಸಭೆಯ ನಡವಳಿಗಳಲ್ಲಿ, ವಂತಿಗೆಯ ರಸೀದಿಗಳಲ್ಲಿ ಇವೆ. ಅವು ಬೀರುವಿನಲ್ಲಿ ಗೆದ್ದಲು ಹಿಡಿಯುವ ಮುನ್ನ, ನೆನಪಿರುವ ಹಿರಿಯರು ನಮ್ಮ ನಡುವೆ ಇರುವಾಗಲೇ, ಯಾರು ಯಾವ ಊರಿನಿಂದ ಬಂದರು, ಯಾರ ಮನೆಯಲ್ಲಿ ತಂಗಿದರು, ಎಲ್ಲಿ ದುಡಿದರು ಎಂದು ಬರೆದಿಡುವ ಕೆಲಸವನ್ನು ಆಸಕ್ತರು ಕೈಗೆತ್ತಿಕೊಳ್ಳಬೇಕು. ಸಂಸಾರವಿಲ್ಲದೆ ಒಂಟಿಯಾಗಿ ದುಡಿದು ಇಲ್ಲಿಯೇ ಮಣ್ಣಾದವರಿಗೂ ಅದರಲ್ಲಿ ಒಂದು ಸಾಲು ಇರಲಿ.